ಇರುವ ಕೆಲಸ, ಬರುವ ಕೆಲಸ

ಸಾಹಿತ್ಯ ಮಂಡಳದ ಪತ್ರಿಕೆಯಲ್ಲಿ ಸಂಬಳದ ಲೆಕ್ಕ ಯಾಕೆ ಬಂತು ಎಂದು ಕೆಲವರು ಕೇಳಬಹುದು. ಬೆಳಗಿನ ಕಾಲೇಜು ಮುಗಿಸಿ, ಹನ್ನೊಂದರ ಲೋಕಲ್ ಹಿಡಿದು ಕೆಲಸಕ್ಕೆ ಓಡುವವರು ನಮ್ಮಲ್ಲಿ ಕಡಿಮೆ ಇಲ್ಲ. ಕವಿತೆ ಓದಲು ಎಷ್ಟು ಹೊತ್ತು ಉಳಿಯುತ್ತದೆ ಎಂಬುದೂ ಈ ಲೆಕ್ಕದ ಮೇಲೇ ನಿಂತಿದೆಯಲ್ಲ!

ಸಂದರ್ಶನಕ್ಕೆ ಹೋಗುವುದು ಬೇರೆ, ಇರುವ ಕೆಲಸ ಬಿಡುವುದು ಬೇರೆ. ನಮ್ಮವರಲ್ಲಿ ಇವೆರಡೂ ಒಂದೇ ಅಂತ ತಿಳಿಯುವವರೇ ಹೆಚ್ಚು. ಬೇರೆ ಕಡೆ ಕೇಳಿಕೊಂಡು ಬಂದರೆ ಅನ್ನ ಹಾಕಿದ ಧಣಿಗೆ ದ್ರೋಹ ಬಗೆದ ಹಾಗೆ ಎಂಬ ಅಳುಕು. ಇದರ ಬೇರು ಮುಂಬಯಿಯ ಉಡುಪಿ ಹೋಟೆಲುಗಳಲ್ಲಿದೆ ಎಂದು ನನಗನ್ನಿಸುತ್ತದೆ. ಊರಿನಿಂದ ಬಂದ ಹುಡುಗ ಹಗಲೆಲ್ಲ ಲೋಟ ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕಡೆಗೆ ಬ್ಯಾಂಕು ಸೇರಿದ ಕತೆಯನ್ನು ಹಿರಿಯರ ಬಾಯಲ್ಲಿ ನಾವೆಲ್ಲ ಕೇಳಿದ್ದೇವೆ. (ಆ ಬ್ಯಾಂಕುಗಳ ಪೈಕಿ ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ಸೇರಿಹೋದವು. ಆ ಫಲಕಗಳು ಈಗಿಲ್ಲ.) ಆದರೆ ಕತೆ ಹೇಳುವವರು ಬಿಟ್ಟುಬಿಡುವ ಒಂದು ಮಾತಿದೆ. ಹೋಟೆಲಿನಲ್ಲಿ ಕೈಗೆ ಬರುವ ಸಂಬಳ ಅಲ್ಪವಾದರೂ ಊಟ, ಮಲಗುವ ಜಾಗ ಅದರ ಜೊತೆಗೇ ಇತ್ತು. ಕೆಲಸ ಬಿಟ್ಟ ದಿನವೇ ಹಾಸಿಗೆಯೂ ಹೋಯಿತು! ಹೆಚ್ಚು ಸಂಬಳದ ಗುಮಾಸ್ತಿಕೆ ಸಿಕ್ಕರೂ ಖೋಲಿಯ ಬಾಡಿಗೆ, ಖಾನಾವಳಿಯ ಖರ್ಚು ಕಳೆದು ಎಷ್ಟು ಉಳಿಯುತ್ತದೆ ಎಂದು ಅವರು ಎಣಿಸಲೇಬೇಕಿತ್ತು.

ನಾನು ಎಣಿಸುತ್ತಿರುವುದೂ ಅದನ್ನೇ. ಮಸ್ಜಿದ್ ಬಂದರಿನ ಒಂದು ಸಣ್ಣ ಲೆಕ್ಕಪತ್ರದ ಕಚೇರಿಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಆರರ ತನಕ ನನ್ನ ಕೆಲಸ. ಕೈಗೆ 11,000 ರೂಪಾಯಿ. ಅಂಧೇರಿ ಪೂರ್ವದ ಒಂದು ಕಂಪನಿಯವರು ಸಂದರ್ಶನ ಮಾಡಿ 16,000 ಎಂದಿದ್ದಾರೆ. ಐದು ಸಾವಿರ ಜಾಸ್ತಿ ಅಂದ ಕೂಡಲೇ ಮನೆಯಲ್ಲಿ ಎಲ್ಲರಿಗೂ ಸಂತೋಷ. ಆದರೆ ಅವರು ಹೇಳಿದ್ದು 'ಸಿ.ಟಿ.ಸಿ.', ಅಂದರೆ ನನ್ನಿಂದ ಕಂಪನಿಗೆ ತಗಲುವ ಒಟ್ಟು ಖರ್ಚು. ಮೂಲ ವೇತನ 10,000ದ ಮೇಲೆ ಶೇಕಡಾ 12ರಂತೆ ನನ್ನ ಪಿ.ಎಫ್. 1,200, ಕಂಪನಿಯ ಪಾಲು 1,200. ಎರಡೂ ಈ ಹದಿನಾರರೊಳಗೇ ಇವೆ. ಇ.ಎಸ್.ಐ., ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ ಕಳೆದರೆ ಕೈಗೆ ಬರುವುದು ಸುಮಾರು 12,800.

ಇನ್ನು ಗಂಟೆಯ ಲೆಕ್ಕ. ಈಗ ದಿನಕ್ಕೆ ಆರು ಗಂಟೆಯಂತೆ ತಿಂಗಳ 26 ದಿನಕ್ಕೆ 156 ಗಂಟೆ. ಗಂಟೆಗೆ ಎಪ್ಪತ್ತು ರೂಪಾಯಿ ಬಿತ್ತು. ಅಲ್ಲಿ ಹನ್ನೆರಡರಿಂದ ಎಂಟು, ಅಂದರೆ 208 ಗಂಟೆ, ಗಂಟೆಗೆ ಅರುವತ್ತೊಂದೂವರೆ! ಪಿ.ಎಫ್. ಹಣ ಕಳೆದುಹೋದದ್ದಲ್ಲ, ನಮ್ಮ ಹೆಸರಲ್ಲೇ ಇರುತ್ತದೆ. ಅದನ್ನೂ ಕೂಡಿಸಿದರೆ ಎಪ್ಪತ್ತಮೂರು. ಅಷ್ಟೇ ಫರಕು. ಆದರೂ ಪಿ.ಎಫ್. ಇಲ್ಲದ ಸಣ್ಣ ಕಚೇರಿಗಿಂತ ಅದು ಇರುವ ಕಡೆ ಮೇಲು ಎಂದೇ ನನ್ನ ಅಭಿಪ್ರಾಯ. ಜ್ವರ ಬಂದಾಗ ಇ.ಎಸ್.ಐ. ನೆನಪಾಗುತ್ತದೆ.

ಪ್ರಯಾಣವೂ ಸಂಬಳದ ಒಂದು ಭಾಗವೇ. 2014ರಲ್ಲಿ ಘಾಟ್ಕೋಪರ್–ವರ್ಸೋವಾ ಮೆಟ್ರೋ ಆದಮೇಲೆ ದಾದರಿನಲ್ಲಿ ಗಾಡಿ ಬದಲಿಸುವ ಯಾತನೆ ತಪ್ಪಿದೆ. ಆದರೆ ರಾತ್ರಿ ಎಂಟಕ್ಕೆ ಬಿಟ್ಟು ಡೊಂಬಿವಲಿ ಸೇರುವಾಗ ಹತ್ತು ಹತ್ತಿರ. ಸಂಜೆ ಗ್ರಂಥಾಲಯ, ಶನಿವಾರ ನಮ್ಮ ಮಂಡಳದ ಸಭೆ ಎರಡಕ್ಕೂ ಕಲ್ಲು.

ಸಂದರ್ಶನದ ಬಗ್ಗೆ ಎರಡು ಮಾತು. ಕನ್ನಡ ಮಾಧ್ಯಮದಿಂದ ಬಂದ ನಮಗೆ ಇಂಗ್ಲಿಷಿನದೇ ಹೆದರಿಕೆ. ನನ್ನ ಅನುಭವದಲ್ಲಿ ಅವರು ವ್ಯಾಕರಣ ನೋಡುವುದಿಲ್ಲ, ಜಿ.ಎಸ್.ಟಿ. ರಿಟರ್ನ್ ತುಂಬಿದ್ದೀಯಾ, ಬ್ಯಾಂಕಿನ ಪಟ್ಟಿಗೂ ಪುಸ್ತಕಕ್ಕೂ ತಾಳೆ ಹಾಕಲು ಬರುತ್ತದಾ ಎಂದು ನೋಡುತ್ತಾರೆ. ಮಾಡಿದ ಕೆಲಸವನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಿದರೆ ಸಾಕು. "ಈಗಿನ ಕೆಲಸ ಯಾಕೆ ಬಿಡ್ತೀರಿ?" ಅಂತ ಕೇಳೇ ಕೇಳ್ತಾರೆ. ಹಳೆಯ ಧಣಿಯನ್ನು ಬೈಯಬಾರದು. "ಬಿಡಬೇಕೋ ಬೇಡವೋ ಅಂತ ತಿಳಿಯೋಕೇ ಬಂದಿದ್ದೇನೆ" ಎಂದು ನಾನಂದೆ. ಕೇಳಿದವರು ನಕ್ಕರು, ಸಿಟ್ಟಾಗಲಿಲ್ಲ. ನಾವೂ ಕೇಳಬೇಕು: ಕೈಗೆ ಎಷ್ಟು, ಪರೀಕ್ಷೆಗೆ ರಜೆ ಉಂಟಾ, ಬಿಡುವಾಗ ಎಷ್ಟು ದಿನದ ನೋಟೀಸು. ಸಂಕೋಚಪಟ್ಟು ಕೇಳದೆ ಬರುವವರೇ ನಮ್ಮಲ್ಲಿ ಬಹಳ.

ಬಾಯಿಮಾತಿನ ಮೇಲೆ ರಾಜೀನಾಮೆ ಕೊಡಬೇಡಿ. ಬಿ.ಕಾಂ.ನಲ್ಲಿ ನಾವು ಉರುಹೊಡೆಯುವ 1872ರ ಕರಾರು ಕಾಯಿದೆಯ ಪ್ರಕಾರ, ನಾವು ಒಪ್ಪಿಗೆ ಕಳಿಸುವ ತನಕ ಎದುರಿನವರು ತಮ್ಮ ಪ್ರಸ್ತಾಪವನ್ನು ಹಿಂತೆಗೆದುಕೊಳ್ಳಬಹುದು. ಮೊದಲು ಪತ್ರ, ಆಮೇಲೆ ನಮ್ಮ ಲಿಖಿತ ಒಪ್ಪಿಗೆ, ಅದಾದ ಮೇಲೆ ರಾಜೀನಾಮೆ. "ಬಿಡೋಕೆ ಬಿಡಲ್ಲ" ಎಂದು ಗದರಿಸುವ ಧಣಿಗಳೂ ಇದ್ದಾರೆ. ಮನಸ್ಸಿಲ್ಲದವನಿಂದ ನೌಕರಿ ಮಾಡಿಸಲು ಕೋರ್ಟು ಆಜ್ಞೆ ಕೊಡುವುದಿಲ್ಲ. ನೋಟೀಸು ಕೊಡದಿದ್ದರೆ ಆ ದಿನಗಳ ಹಣ ಕೇಳಬಹುದು, ಅಷ್ಟೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಂತೆ ಬಿಟ್ಟವನ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ಮನೆಯಲ್ಲಿ ಅಣ್ಣನೋ ಅಕ್ಕನೋ ಒಂದೇ ಕಡೆ ಕಾಯಂ ಆಗಿ ನಾಲ್ಕು ವರ್ಷ ದುಡಿದಿದ್ದರೆ ಅವರಿಗೆ ಇಷ್ಟು ಹೇಳಿ: ಐದು ತುಂಬಿದರೆ ವರ್ಷಕ್ಕೆ ಹದಿನೈದು ದಿನದ ವೇತನದಂತೆ ಗ್ರಾಚ್ಯುಟಿ ಸಿಗುತ್ತದೆ.

ನನ್ನದು ಇನ್ನೂ ತೀರ್ಮಾನವಾಗಿಲ್ಲ. ಆರನೆಯ ಸೆಮಿಸ್ಟರ್ ಪರೀಕ್ಷೆಗೆ ಹದಿನೈದು ದಿನ ರಜೆ, ಶನಿವಾರ ನಾಲ್ಕಕ್ಕೆ ಬಿಡುಗಡೆ, ಇವೆರಡನ್ನೂ ಪತ್ರದಲ್ಲೇ ಬರೆದು ಕೊಡಿ ಎಂದು ಅಂಧೇರಿಯವರನ್ನು ಕೇಳಿದ್ದೇನೆ. ರಜೆಗೆ ಹೂಂ ಅಂದಿದ್ದಾರೆ, ಶನಿವಾರದ ಬಗ್ಗೆ ಮೌನ. ಪತ್ರ ಬರುವ ತನಕ ಮಸ್ಜಿದ್ ಕಡೆಯ ಸ್ಲೋ ಲೋಕಲ್ಲೇ.