ಅರ್ಧ ಹಾಡು ಸಭಿಕರದು

ರಾಕ್ ಸಂಗೀತವೆಂದರೆ ಬರಿಯ ಗದ್ದಲವೆಂದು ಮೂಗು ಮುರಿಯುವ ಹಿರಿಯರು ಅನೇಕರಿದ್ದಾರೆ. ಅದೇ ಹಾಡುಗಳು ಮನೆಯಲ್ಲಿಯೇ ಕೇಳಸಿಗುವಾಗ ದುಬಾರಿ ಟಿಕೆಟು ಕೊಂಡು ಗಂಟೆಗಟ್ಟಲೆ ನಿಲ್ಲುವುದೇಕೆಂಬುದು ಅವರ ಪ್ರಶ್ನೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ಹಾಡಿದಾಗಲೂ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಎದ್ದಿರಬೇಕು. ಧ್ವನಿಮುದ್ರಿಕೆಯಲ್ಲಿ ದೊರೆಯದ ಒಂದಂಶ ಅಲ್ಲಿರುತ್ತದೆ. ಅದು ಸಭಿಕರ ಚೈತನ್ಯ. ಕಾರ್ಯಕ್ರಮವನ್ನು ಅದು ಮೇಲೆತ್ತಲೂಬಲ್ಲುದು, ಮುಳುಗಿಸಲೂಬಲ್ಲುದು.

ಮುಳುಗಿಸಿದ ನಿದರ್ಶನವನ್ನು ಮೊದಲು ನೋಡೋಣ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ತಂಡವು ಸುಮಾರು 55,000 ಜನರೆದುರು ಹಾಡಿತು. ಅಭಿಮಾನಿಗಳ ಕಿರುಚಾಟಕ್ಕೆ ಅಂದಿನ ಧ್ವನಿವರ್ಧಕಗಳು ಸಾಟಿಯಾಗಲಿಲ್ಲ. ಗಾಯಕರಿಗೆ ತಮ್ಮ ದನಿಯೇ ಸರಿಯಾಗಿ ಕೇಳಿಸಲಿಲ್ಲ. ಇಂಥ ಸಭೆಗಳಲ್ಲಿ ಡ್ರಮ್ ವಾದಕ ರಿಂಗೋ ಸ್ಟಾರ್ ಸಂಗಡಿಗರ ಮೈಯ ಚಲನೆಯನ್ನು ನೋಡಿ, ಹಾಡು ಎಲ್ಲಿಗೆ ಬಂದಿದೆಯೆಂದು ಊಹಿಸಬೇಕಾಗುತ್ತಿತ್ತು. ಅಭಿಮಾನಕ್ಕೆ ಕೊರತೆಯಿರಲಿಲ್ಲ, ಆಲಿಸುವುದಕ್ಕೆ ಎಡೆಯಿರಲಿಲ್ಲ. ಇದೂ ಒಂದು ಕಾರಣವಾಗಿ, 1966ರ ಆಗಸ್ಟ್ 29ರ ಸ್ಯಾನ್ ಫ್ರಾನ್ಸಿಸ್ಕೋ ಕಾರ್ಯಕ್ರಮದ ನಂತರ ತಂಡವು ಪ್ರವಾಸವನ್ನೇ ಕೈಬಿಟ್ಟು ಧ್ವನಿಮುದ್ರಣದ ಕಡೆಗೆ ಗಮನ ಹರಿಸಿತು.

ಇನ್ನು ಮೇಲೆತ್ತಿದ ನಿದರ್ಶನ. 1977ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್ ಬಳಿ ಕ್ವೀನ್ ತಂಡವು ಹಾಡಿ ವೇದಿಕೆಯಿಂದ ಇಳಿದ ಮೇಲೂ ಸಭಿಕರು ಕದಲದೆ, ತಾವೇ ಹಾಡತೊಡಗಿದರು. ಮನಸೋತ ಗಿಟಾರ್ ವಾದಕ ಬ್ರಯಾನ್ ಮೇ, ಇಕ್ಕಟ್ಟಿನಲ್ಲಿ ನಿಂತವರೂ ಏನು ಮಾಡಬಲ್ಲರೆಂದು ಯೋಚಿಸಿದರು. ನೆಲ ತುಳಿಯಬಹುದು, ಚಪ್ಪಾಳೆ ತಟ್ಟಬಹುದು, ಹಾಡಬಹುದು. ಹಾಗೆ ಹುಟ್ಟಿದ್ದು ‘ವಿ ವಿಲ್ ರಾಕ್ ಯು’. ಎರಡು ತುಳಿತ, ಒಂದು ಚಪ್ಪಾಳೆ, ಇದಿಷ್ಟೇ ಅದರ ತಾಳ.

ಎಂಟು ವರ್ಷಗಳ ತರುವಾಯ, 1985ರ ಜುಲೈ 13ರಂದು, ಇಥಿಯೋಪಿಯದ ಕ್ಷಾಮಪೀಡಿತರ ನೆರವಿಗಾಗಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ‘ಲೈವ್ ಏಡ್’ ನಡೆಯಿತು. ಹಲವು ತಂಡಗಳನ್ನು ಕೇಳಲು ಸುಮಾರು 72,000 ಜನ ನೆರೆದಿದ್ದರು. ಕ್ವೀನ್ ತಂಡಕ್ಕೆ ದೊರೆತದ್ದು ಇಪ್ಪತ್ತು ನಿಮಿಷಗಳಷ್ಟೇ. ‘ರೇಡಿಯೋ ಗಾ ಗಾ’ ಹಾಡಿನ ಪಲ್ಲವಿ ಬಂದೊಡನೆ ಕ್ರೀಡಾಂಗಣದ ತುಂಬ ಕೈಗಳು ಮೇಲೆದ್ದು ಜೋಡಿ ಚಪ್ಪಾಳೆ ಮೊಳಗಿತು. ಬಾಲ್ಯದಲ್ಲಿ ಮಹಾರಾಷ್ಟ್ರದ ಪಂಚಗಣಿಯಲ್ಲಿ ಓದಿದ್ದ ಗಾಯಕ ಫ್ರೆಡ್ಡಿ ಮರ್ಕ್ಯುರಿ ವಾದ್ಯಗಳ ನೆರವಿಲ್ಲದೆ ಒಂದು ಆಲಾಪವೆತ್ತುವನು. ಜನ ಅದನ್ನು ಆಲಿಸಿ ಹಾಗೆಯೇ ಮರಳಿಸುವರು. ಆತ ಇನ್ನಷ್ಟು ಕಠಿಣವಾದುದನ್ನು ಹಾಡುವನು; ಅದಕ್ಕೂ ಉತ್ತರ ಬರುವುದು. ರಾಕ್ ಸಂಗೀತದ ಇತಿಹಾಸದಲ್ಲಿ ಆ ಇಪ್ಪತ್ತು ನಿಮಿಷಗಳನ್ನು ಇಂದಿಗೂ ನೆನೆಯುತ್ತಾರೆ.

ಶೇ ಸಭೆಗೂ ವೆಂಬ್ಲಿ ಸಭೆಗೂ ಉತ್ಸಾಹದಲ್ಲಿ ಹೆಚ್ಚು ಕಡಮೆಯಿರಲಿಲ್ಲ. ಒಂದು ಸಭೆ ಹಾಡಿನ ಮೇಲೆ ಕೂಗಿತು, ಇನ್ನೊಂದು ಹಾಡಿಗೆ ಕಿವಿಗೊಟ್ಟು ದನಿಗೂಡಿಸಿತು. ನಮ್ಮ ಕಾವ್ಯಮೀಮಾಂಸಕರು ಸಹೃದಯನೆಂದು ಕರೆದದ್ದು ಇಂಥ ಕೇಳುಗನನ್ನೇ ಅಲ್ಲವೆ? ಮನೆಯ ಮಕ್ಕಳು ಇಂಥ ಕಾರ್ಯಕ್ರಮಕ್ಕೆ ಹೊರಟು ನಿಂತಾಗ ಬೇಡವೆನ್ನುವ ಬದಲು, “ಕುಣಿ, ಹಾಡು, ಆದರೆ ಕೇಳುವುದನ್ನು ಮರೆಯಬೇಡ” ಎಂದು ಹೇಳಿ ಕಳುಹಿಸುವುದು ಒಳಿತು.