ಬೇಟೆಯ ಜಾಲ ರೂಪುಗೊಳ್ಳುವ ಬಗೆ

ಕಾಡಿನಲ್ಲಿ ಯಾವ ಪ್ರಾಣಿ ಯಾವುದಕ್ಕೆ ಆಹಾರವಾಗಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ದೇಹದ ಗಾತ್ರ. ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ನಾಗರಹೊಳೆಯ ಬಗ್ಗೆ 1995ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸೊಗಸಾಗಿ ತೋರಿಸಿತು. ಹುಲಿ, ಚಿರತೆ, ಸೀಳುನಾಯಿಗಳ ಮಲದಲ್ಲಿ ಜೀರ್ಣವಾಗದೆ ಉಳಿದ ಕೂದಲನ್ನು ಪರೀಕ್ಷಿಸಿದರೆ ತಿಂದ ಪ್ರಾಣಿ ಯಾವುದೆಂದು ತಿಳಿಯುತ್ತದೆ. ಅಲ್ಲಿ ಹುಲಿಯ ಬೇಟೆಯ ಸರಾಸರಿ ತೂಕ ಸುಮಾರು 90 ಕಿಲೋ. ಚಿರತೆಯದು, ಸೀಳುನಾಯಿಯದು 40ರ ಆಸುಪಾಸು. ಕಾಟಿ, ಕಡವೆಗಳಂಥ ದೊಡ್ಡ ಪ್ರಾಣಿಗಳು ಹೇರಳವಾಗಿದ್ದರೆ ಹುಲಿ ಅತ್ತ ತಿರುಗುತ್ತದೆ, ಜಿಂಕೆ ಉಳಿದೆರಡರ ಪಾಲಿಗೂ ಒದಗುತ್ತದೆ. ಕಳ್ಳಬೇಟೆಯಿಂದ ದೊಡ್ಡ ಪ್ರಾಣಿಗಳು ಕಡಿಮೆಯಾದಾಗ ಮೂರರ ಕಣ್ಣೂ ಜಿಂಕೆಯ ಮೇಲೆಯೇ. ಜಾಲದ ಒಂದು ಎಳೆ ಕಡಿದರೆ ಉಳಿದವು ಎಷ್ಟು ಬಿಗಿಯುತ್ತವೆ ಎಂಬುದನ್ನು ಸಂರಕ್ಷಣೆಯ ಲೆಕ್ಕಾಚಾರ ಮರೆಯುವಂತಿಲ್ಲ.

ಗಾತ್ರವೊಂದೇ ಸಾಲದು, ಬೇಟೆಯ ವೇಳೆ ಮತ್ತು ವಿಧಾನವೂ ಮುಖ್ಯ. ಸೀಳುನಾಯಿಗಳು ಹಗಲಿನಲ್ಲಿ ಗುಂಪುಗೂಡಿ ಅಟ್ಟಿಸಿಕೊಂಡು ಹೋಗುತ್ತವೆ. ಹುಲಿ ಹೆಚ್ಚಾಗಿ ಕತ್ತಲಲ್ಲಿ, ಪೊದೆಯ ಮರೆಯಿಂದ ಒಂಟಿಯಾಗಿ ಎರಗುತ್ತದೆ.

ಬೇಟೆಗೆ ಸಿಗುವ ಪ್ರಾಣಿಯ ಕಡೆಯಿಂದ ನೋಡಿದರೂ ಗಾತ್ರದ ಮಾತೇ ಬರುತ್ತದೆ. ಆಫ್ರಿಕದ ಸೆರೆಂಗೆಟಿಯಲ್ಲಿ ಸುಮಾರು 150 ಕಿಲೋಗಿಂತ ಚಿಕ್ಕ ಸಸ್ಯಾಹಾರಿಗಳ ಸಾವಿಗೆ ಮುಖ್ಯ ಕಾರಣ ಬೇಟೆ. ಅವುಗಳಿಗೆ ಸಿಂಹದಿಂದ ನರಿಯವರೆಗೆ ಹಲವು ಶತ್ರುಗಳು. ಪ್ರಾಯಕ್ಕೆ ಬಂದ ಆನೆ, ಘೇಂಡಾಮೃಗಗಳಿಗೆ ಆ ಭಯ ಇಲ್ಲವೆನ್ನಬಹುದು; ಅವುಗಳ ಸಂಖ್ಯೆಗೆ ಕಡಿವಾಣ ಹಾಕುವುದು ಮೇವಿನ ಕೊರತೆ.

ಆಹಾರ ಸರಪಳಿ ಎಷ್ಟು ಉದ್ದವಿರಬಹುದು ಎಂಬುದಕ್ಕೆ ಶಕ್ತಿಯ ಮಿತಿಯೂ ಇದೆ. ಒಂದು ಹಂತದಿಂದ ಮೇಲಿನ ಹಂತಕ್ಕೆ ದಾಟುವುದು ಸರಿಸುಮಾರು ಹತ್ತನೇ ಒಂದು ಭಾಗ ಮಾತ್ರ. ಹಾಗಾಗಿ ಹುಲ್ಲೆಗಳು ನೂರಾರು ಇರುವಲ್ಲಿ ಹುಲಿಗಳು ಬೆರಳೆಣಿಕೆಯಷ್ಟು.