ಅಡುಗೆಮನೆಯ ಔಷಧಿ ಮತ್ತು ಅದರ ಮೇರೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಮಳೆಗಾಲವು ದೀರ್ಘವಾದುದು. ಆ ಶೀತಕ್ಕೆ ಅಲ್ಲಿಯ ಗೃಹಿಣಿಯರು ಅಡುಗೆಮನೆಯಲ್ಲಿಯೇ ಉಪಾಯ ಕಂಡಿದ್ದಾರೆ. ಕಾಳುಮೆಣಸು, ಶುಂಠಿ, ಜೀರಿಗೆ, ಕೊತ್ತಂಬರಿಗಳನ್ನು ಕುದಿಸಿ ಬೆಲ್ಲ ಬೆರೆಸಿದರೆ ಕಷಾಯ. ಗದ್ದೆಯಂಚಿನ ಒಂದೆಲಗವನ್ನೋ ಹಿತ್ತಿಲ ದೊಡ್ಡಪತ್ರೆಯನ್ನೋ ಕಾಯಿತುರಿಯೊಡನೆ ಅರೆದು ಮಜ್ಜಿಗೆಯಲ್ಲಿ ಕದಡಿದರೆ ತಂಬುಳಿ.

ಈ ರೂಢಿ ನಿರಾಧಾರವಲ್ಲ. ಶುಂಠಿ, ಮೆಣಸು, ಹಿಪ್ಪಲಿಗಳನ್ನು ಆಯುರ್ವೇದವು ತ್ರಿಕಟುವೆಂದು ಕರೆದಿದೆ. ಅರಿಶಿನದ ಕುರ್ಕುಮಿನ್ ತಾನಾಗಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 2 ಗ್ರಾಂ ಕುರ್ಕುಮಿನ್‌ಗೆ ಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೂಡಿಸಿದಾಗ ಆ ಅಂಶವು ಸುಮಾರು 20 ಪಟ್ಟು ಹೆಚ್ಚಿತು. ಆದರೆ ಇದೇ ಗುಣವು ಎಚ್ಚರಿಕೆಗೂ ಕಾರಣ. ಅಪಸ್ಮಾರದ ಫೆನಿಟಾಯಿನ್‌ನಂತಹ ಔಷಧಿಯ ಪ್ರಮಾಣವನ್ನೂ ಪೈಪರಿನ್ ರಕ್ತದಲ್ಲಿ ಏರಿಸಬಲ್ಲುದು. ನಿತ್ಯ ಔಷಧಿ ಸೇವಿಸುವವರು ಮೆಣಸಿನ ಕಷಾಯವನ್ನು ಮಿತಿಮೀರಿ ಕುಡಿಯಕೂಡದು.

ಇನ್ನೊಂದು ಮೇರೆಯನ್ನೂ ಅರಿಯಬೇಕು. ಕಷಾಯವು ನೆಗಡಿಗೆ ಹಿತ. ಎಲ್ಲ ಜ್ವರಕ್ಕೂ ಮದ್ದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯು ಈ ತಾಲ್ಲೂಕುಗಳನ್ನೂ ಮುಟ್ಟಿದೆ. ಅದು ಉಣುಗಿನ ಕಡಿತದಿಂದ ಹರಡುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. ಕಾಡಿಗೆ ಹೋಗಿಬಂದವರಿಗೆ ಜ್ವರ ಬಂದರೆ, ಕಷಾಯದಿಂದ ಇಳಿದೀತೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಬೇಕು.

12ನೆಯ ಶತಮಾನದ ಶರಣರಲ್ಲಿ ಸಂಗಣ್ಣನಿಗೆ ವೈದ್ಯವೇ ಕಾಯಕವಾಗಿತ್ತು. ಅಡುಗೆಮನೆಯ ಅರಿವನ್ನು ಗೌರವಿಸೋಣ. ವೈದ್ಯನ ಕಾಯಕವನ್ನು ವೈದ್ಯನಿಗೇ ಬಿಡೋಣ.